ಒಂದೇ ಪೀರಿಯಡಿನಲ್ಲಿ ಥಾಮಸ್ ಬರ್ಗೆಂಥಾಲ್: ಕಾಸರಗೋಡಿನ ಕನ್ನಡ ಮಾಧ್ಯಮ ಶಿಕ್ಷಕರಿಗೆ

ಪೋಲೆಂಡಿನಲ್ಲಿದ್ದ ನಾತ್ಸಿಗಳ ಆಶ್‌ವಿಟ್ಜ್ ಸಾವಿನ ಶಿಬಿರ ಬಿಡುಗಡೆಯಾದದ್ದು 1945ರ ಜನವರಿ 27ರಂದು. ಪ್ರತಿ ವರ್ಷ ಆ ವಾರ ಹೈಸ್ಕೂಲಿನಲ್ಲಿ 40 ನಿಮಿಷ ಸಿಕ್ಕಿದರೆ, ಬಾಲ್ಯದಲ್ಲಿ ಆ ಶಿಬಿರದಿಂದ ಬದುಕಿ ಉಳಿದು ಮುಂದೆ ನ್ಯಾಯಾಧೀಶರಾದ ಥಾಮಸ್ ಬರ್ಗೆಂಥಾಲ್ ಒಬ್ಬರನ್ನೇ ಹಿಡಿದುಕೊಳ್ಳಿ. ಪೀಠಿಕೆಗೆ 5 ನಿಮಿಷ, ಬಾಲ್ಯಕ್ಕೆ 15, ಆಮೇಲಿನ ಬದುಕಿಗೆ 20. ಸಾಮಾನ್ಯವಾಗಿ ಶಿಬಿರದ ಕತೆ ಮುಗಿಯುವಷ್ಟರಲ್ಲಿ ಬೆಲ್ ಹೊಡೆದು, ಮಕ್ಕಳು 'ಪಾಪ' ಎನ್ನುತ್ತಾ ಎದ್ದು ಹೋಗುತ್ತಾರೆ. ಆ ಹುಡುಗ ದೊಡ್ಡವನಾಗಿ ಏನು ಮಾಡಿದ ಎಂಬುದು ಬಾಕಿಯಾಗುತ್ತದೆ.

ಪೀಠಿಕೆಯಲ್ಲಿ ಎರಡು ಗಂಟು ಬಿಡಿಸಬೇಕು. ಮಲಯಾಳದಲ್ಲಿ ಕೇಳಿದ 'ಜೂತ'ರು, ಪುಸ್ತಕದ 'ಯಹೂದಿ'ಗಳು ಒಂದೇ ಜನ ಎಂದು ಹೇಳಿ. ಕೊಚ್ಚಿ ಮಟ್ಟಾಂಚೇರಿಯ ಸಿನಗಾಗ್ ನೆನಪಿಸಿದರೆ ತಟ್ಟನೆ ಹೊಳೆಯುತ್ತದೆ. ಇನ್ನೊಂದು ಸ್ವಸ್ತಿಕ. ಮನೆಬಾಗಿಲಲ್ಲಿ ಕಂಡದ್ದು ನಾತ್ಸಿ ಬಾವುಟದಲ್ಲೂ ಕಂಡರೆ ಕೆಲವರಿಗೆ ಗಲಿಬಿಲಿ, ಕೆಲವರಿಗೆ ಹೆಮ್ಮೆ. ಓರೆಯಾಗಿಸಿದ ಆ ಕಪ್ಪು ಗುರುತನ್ನು ನಾತ್ಸಿಗಳು ತಮ್ಮ ಪಕ್ಷಕ್ಕೆ ಬಳಸಿದರು, ಅದರಡಿ ಜನರನ್ನು ಕೊಂದರು ಎಂದು ನೇರವಾಗಿ ಹೇಳಿ. ಸತ್ತ ಯಹೂದಿಗಳು ಸುಮಾರು 60 ಲಕ್ಷ, ಅವರಲ್ಲಿ ಮಕ್ಕಳೇ ಸುಮಾರು 15 ಲಕ್ಷ. 2011ರ ಜನಗಣತಿಯಲ್ಲಿ ಇಡೀ ಕಾಸರಗೋಡು ಜಿಲ್ಲೆಯ ಜನಸಂಖ್ಯೆ 13 ಲಕ್ಷ. ಅಂಕಿ ಇಷ್ಟು ಸಾಕು.

ಬೋರ್ಡಿನ ಎಡಮೂಲೆಯಲ್ಲಿ 'ಬಿ-2930' ಎಂದು ಬರೆದು ಸುಮ್ಮನೆ ಬಿಡಿ. ಬಾಲ್ಯದ ಕತೆ ನಡೆಯುವಾಗ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು ಆಶ್‌ವಿಟ್ಜ್‌ನಲ್ಲಿ ಹತ್ತು ವರ್ಷದ ಹುಡುಗನ ತೋಳಿಗೆ ಹಚ್ಚೆ ಹಾಕಿದ ನಂಬರು.

ಹುಟ್ಟಿದ್ದು 1934ರಲ್ಲಿ, ಆಗಿನ ಜೆಕೊಸ್ಲೊವಾಕಿಯಾದಲ್ಲಿ. ಬೆಳೆದದ್ದು ಪೋಲೆಂಡಿನ ಕೀಲ್ತ್ಸೆ ಘೆಟ್ಟೊದಲ್ಲಿ, ಅಂದರೆ ಯಹೂದಿಗಳನ್ನು ಕೂಡಿಹಾಕಿದ್ದ ಕೇರಿಯಲ್ಲಿ. ಅಲ್ಲಿ ಮಕ್ಕಳನ್ನು ಕೊಲ್ಲಲೆಂದು ಬೇರ್ಪಡಿಸುತ್ತಿದ್ದಾಗ ಈತ ಅಧಿಕಾರಿಯ ಮುಂದೆ ನಿಂತು 'ನಾನು ಕೆಲಸ ಮಾಡಬಲ್ಲೆ' ಎಂದ, ಜರ್ಮನ್‌ನಲ್ಲೇ. ಆ ಮಾತು ಜೀವ ಉಳಿಸಿತು. ಮನೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ಕ್ಲಾಸಿನಲ್ಲಿ ಕನ್ನಡ ಆಡುವ ನಮ್ಮ ಮಕ್ಕಳಿಗೆ ಈ ಜಾಗ ಚೆನ್ನಾಗಿ ತಾಗುತ್ತದೆ. ಇಲ್ಲಿ ಅವಸರ ಬೇಡ. 1945ರ ಜನವರಿಯಲ್ಲಿ ಆಶ್‌ವಿಟ್ಜ್‌ನ ಕೈದಿಗಳನ್ನು ಹಿಮದಲ್ಲಿ ಗ್ಲಿವಿತ್ಸೆ ಪಟ್ಟಣದವರೆಗೆ ನಡೆಸಿದರು, ಸುಮಾರು 55 ಕಿಲೋಮೀಟರ್. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50. ಮುಂದೆ ತೆರೆದ ರೈಲು ಡಬ್ಬಿಗಳಲ್ಲಿ ಜರ್ಮನಿಯ ಸಾಕ್ಸೆನ್‌ಹೌಸೆನ್ ಶಿಬಿರಕ್ಕೆ. ಚಳಿಗೆ ಮರಗಟ್ಟಿದ ಕಾಲಿನ ಎರಡು ಬೆರಳು ಕತ್ತರಿಸಬೇಕಾಯಿತು. ತಂದೆ ಬದುಕಲಿಲ್ಲ. ತಾಯಿ ಸಿಕ್ಕಿದ್ದು 1946ರ ಕೊನೆಗೆ.

ಕೈಗೆ ಐಸು ಕೊಡುವುದು, ಬಿಸಿಲಲ್ಲಿ ಸಾಲಾಗಿ ನಡೆಸುವುದು, ಹೆಣಗಳ ಫೋಟೊ ತೋರಿಸುವುದು, ಯಾವುದೂ ಬೇಡ. ನಟನೆ ಆಟವಾಗುತ್ತದೆ, ಫೋಟೊ ನೋಡಿದ ಮಗು ಕಿವಿ ಮುಚ್ಚಿಕೊಳ್ಳುತ್ತದೆ.

ಈಗ ಬೋರ್ಡಿನ ಬಲಬದಿಗೆ ಬನ್ನಿ. 1951ರಲ್ಲಿ ಅಮೆರಿಕಕ್ಕೆ ಹೋಗಿ ಕಾನೂನು ಓದಿದ ಅವರು 1979ರಲ್ಲಿ ಅಮೆರಿಕ ಖಂಡಗಳ ಮಾನವ ಹಕ್ಕು ನ್ಯಾಯಾಲಯದ ನ್ಯಾಯಾಧೀಶರಾದರು. ಒಂದೇ ಕೇಸು ತೆಗೆದುಕೊಳ್ಳಿ. ಹೊಂಡುರಾಸ್‌ನ ವಿದ್ಯಾರ್ಥಿ ಮನ್‌ಫ್ರೆದೊ ವೆಲಾಸ್ಕೆಸ್ 1981ರಲ್ಲಿ ನಾಪತ್ತೆ. ಆ ಹೆಸರನ್ನು ಬೋರ್ಡಿಗೆ ಬರೆಯಿರಿ. ಹೆಣವಿಲ್ಲ, ಕಾಗದಪತ್ರವಿಲ್ಲ. ಇಲ್ಲಿ ನಿಲ್ಲಿಸಿ ಕೇಳಿ: 'ಈಗ ಸಾಬೀತು ಮಾಡಬೇಕಾದವರು ಯಾರು?' ಐದು ನಿಮಿಷ ಮಕ್ಕಳೇ ವಾದಿಸಲಿ, ನಡುವೆ ಬಾಯಿ ಹಾಕಬೇಡಿ. ಆಮೇಲೆ 1988ರ ತೀರ್ಪು ಹೇಳಿ: ಇಂಥ ನಾಪತ್ತೆಗಳು ಅಲ್ಲಿ ರೂಢಿಯಾಗಿದ್ದುದನ್ನೂ ಸಾಂದರ್ಭಿಕ ಸಾಕ್ಷ್ಯವನ್ನೂ ಕೋರ್ಟು ಒಪ್ಪಿತು, ತಡೆಯುವುದು, ತನಿಖೆ ಮಾಡುವುದು, ಶಿಕ್ಷಿಸುವುದು ಸರಕಾರದ ಹೊಣೆ ಎಂದಿತು. ಎಡಕ್ಕೆ ಹೆಸರಿಲ್ಲದ ನಂಬರು, ಬಲಕ್ಕೆ ಒಬ್ಬ ವಿದ್ಯಾರ್ಥಿಯ ಹೆಸರು: ಬೋರ್ಡು ಹೀಗೇ ಇರಲಿ, ಅಳಿಸಬೇಡಿ.

ಅವರು ಸದಸ್ಯರಾಗಿದ್ದ ಎಲ್ ಸಾಲ್ವಡೋರಿನ ಸತ್ಯಶೋಧನಾ ಆಯೋಗ, 2000ದಿಂದ 2010ರವರೆಗೆ ನ್ಯಾಯಾಧೀಶರಾಗಿದ್ದ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ, ಇವಕ್ಕೆ ಒಂದೊಂದು ವಾಕ್ಯ ಸಾಕು. 2023ರಲ್ಲಿ ತೀರಿಕೊಂಡರು. 'ಕಷ್ಟಪಟ್ಟದ್ದಕ್ಕೇ ಒಳ್ಳೆಯವರಾದರು' ಎಂದು ಮಾತ್ರ ಹೇಳಬೇಡಿ; ಅಷ್ಟೇ ಕಷ್ಟಪಟ್ಟ ಲಕ್ಷಾಂತರ ಮಕ್ಕಳು ಬೆಳೆಯಲೇ ಇಲ್ಲ.

ಪ್ಯಾಲೆಸ್ಟೈನಿನ ಪ್ರಶ್ನೆ ಬಂದೇ ಬರುತ್ತದೆ. 2004ರಲ್ಲಿ, ಆಕ್ರಮಿತ ಪ್ಯಾಲೆಸ್ಟೈನ್ ಪ್ರದೇಶದಲ್ಲಿ ಇಸ್ರೇಲ್ ಕಟ್ಟುತ್ತಿದ್ದ ಗೋಡೆ ಕಾನೂನುಬಾಹಿರ ಎಂದು ಹೇಗ್ ನ್ಯಾಯಾಲಯ 14-1ರಿಂದ ಹೇಳಿತು. ಆ ಒಂದು ಮತ ಬರ್ಗೆಂಥಾಲ್ ಅವರದು. ತೀರ್ಮಾನಿಸಲು ಬೇಕಾದಷ್ಟು ಮಾಹಿತಿ ಕೋರ್ಟಿನ ಮುಂದಿಲ್ಲ ಎಂಬುದು ಅವರ ಕಾರಣ. ಆಕ್ರಮಿತ ಪ್ರದೇಶದಲ್ಲಿ ಇಸ್ರೇಲ್ ಮಾನವ ಹಕ್ಕು ಕಾನೂನು ಪಾಲಿಸಲೇಬೇಕು ಎಂದೂ ಅವರೇ ಬರೆದರು. ಎರಡನ್ನೂ ಹೇಳಿ. ಒಂದನ್ನು ಮುಚ್ಚಿಟ್ಟರೆ, ಸಂಜೆ ಫೋನಿನಲ್ಲಿ ಅದನ್ನು ಓದಿದ ಹುಡುಗಿ ನಾಳೆ ನಿಮ್ಮ ಉಳಿದ ಪಾಠವನ್ನೂ ನಂಬುವುದಿಲ್ಲ.