ಕ್ಯಾಮೆರಾ ಕೊಯ್ಯದೆ ಡಿಜಿಟಲ್ ಮಾಡಿದ್ದು: ನನ್ನ ನಿಕಾನ್ ಎಫ್‌ಎಂ2 ಅನುಭವ

ಹಳೆಯ ಫಿಲ್ಮ್ ಕ್ಯಾಮೆರಾ ನಿಕಾನ್ ಎಫ್‌ಎಂ2ರ ಒಳಗೆ ಸೆನ್ಸರ್, ಅಂದರೆ ಬೆಳಕನ್ನು ಡಿಜಿಟಲ್ ಚಿತ್ರವಾಗಿಸುವ ಚಿಪ್, ಕೂರಿಸಲು ಹೊರಟಾಗ ಒಂದು ಷರತ್ತು ಹಾಕಿಕೊಂಡಿದ್ದೆ: ಕ್ಯಾಮೆರಾದ ಯಾವ ಭಾಗಕ್ಕೂ ಅರ ತಾಗಿಸಬಾರದು, ಡ್ರಿಲ್ ಹಾಕಬಾರದು. ಬೇಕೆಂದ ದಿನ ಮತ್ತೆ ರೀಲು ಹಾಕುವಂತಿರಬೇಕು. 1982ರಲ್ಲಿ ಬಂದ ಈ ಕ್ಯಾಮೆರಾದ ಶಟರ್ ಪೂರ್ತಿ ಯಾಂತ್ರಿಕ, ಬ್ಯಾಟರಿ ಬೇಕಿರುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಇಷ್ಟು ವರ್ಷ ಕೆಡದೆ ನಡೆದ ಯಂತ್ರವನ್ನು ನನ್ನ ಪ್ರಯೋಗಕ್ಕೆ ಬಲಿ ಕೊಡಲು ಮನಸ್ಸಾಗಲಿಲ್ಲ.

ಫಿಲ್ಮಿನ ಜಾಗದಲ್ಲಿ ಸೆನ್ಸರ್ ಇಟ್ಟರಾಯಿತಲ್ಲ ಅನ್ನಿಸುತ್ತದೆ. 1991ರಲ್ಲಿ ಕೊಡ್ಯಾಕ್ ಕಂಪನಿ ನಿಕಾನ್ ಎಫ್3ರ ಬೆನ್ನಿಗೆ 1.3 ಮೆಗಾಪಿಕ್ಸೆಲ್ ಸೆನ್ಸರ್ ಜೋಡಿಸಿ ಮಾರಿತ್ತು. ಚಿತ್ರ ಉಳಿಸುವ ಪೆಟ್ಟಿಗೆಯನ್ನು ಬೇರೆಯಾಗಿ ಹೆಗಲಿಗೆ ಹಾಕಿಕೊಳ್ಳಬೇಕಿತ್ತು. ಆಮೇಲೆ ರೀಲಿನ ಆಕಾರದ್ದೇ ಡಿಜಿಟಲ್ ಕಾರ್ಟ್ರಿಡ್ಜ್ ತರುತ್ತೇವೆಂದು ಸಿಲಿಕಾನ್ ಫಿಲ್ಮ್ ಎಂಬ ಕಂಪನಿ ಹೇಳಿತು, ಅದು ಮಾರುಕಟ್ಟೆಗೆ ಬರಲೇ ಇಲ್ಲ. ತೊಡಕಿರುವುದು ಜಾಗದಲ್ಲಿ. ಕ್ಯಾಮೆರಾದ ಬೆನ್ನು ತೆರೆದರೆ 36×24 ಮಿ.ಮೀ. ಕಿಟಕಿ, ಅದರ ಮೇಲೂ ಕೆಳಗೂ ನುಣುಪಾದ ಹಳಿಗಳು. ತೆಳ್ಳಗಿನ ಫಿಲ್ಮ್ ಆ ಹಳಿಗಳಿಗೆ ಒರಗಿ ನಿಲ್ಲುತ್ತದೆ. ಅದೇ ಅಳತೆಯ ಸೆನ್ಸರಿಗೆ ಸುತ್ತ ಅಂಚು, ಮೇಲೆ ಗಾಜು ಇರುವುದರಿಂದ ಅದು ಕಿಟಕಿಯೊಳಗೆ ಇಳಿಯದೆ ಹಳಿಗೆ ತಡೆದು ಹಿಂದೆಯೇ ಉಳಿಯುತ್ತದೆ. ಪೂರ್ತಿ ಫ್ರೇಮಿನ ಸೆನ್ಸರ್ ಹಾಕುವವರು ಹಳಿ ಉಜ್ಜುವುದು ಇದಕ್ಕೇ.

ನಾನು ಚಿಕ್ಕ ಸೆನ್ಸರಿಗೆ ಒಪ್ಪಿಕೊಂಡೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಸಿಗುವ ಎಚ್‌ಕ್ಯೂ ಕ್ಯಾಮೆರಾದಲ್ಲಿ ಸೋನಿಯ ಐಎಂಎಕ್ಸ್477 ಸೆನ್ಸರ್ ಇದೆ: 12.3 ಮೆಗಾಪಿಕ್ಸೆಲ್, ಕರ್ಣ 7.9 ಮಿ.ಮೀ. ಕಿಟಕಿಯೊಳಗೆ ಆರಾಮವಾಗಿ ಇಳಿಯುತ್ತದೆ. ಆದರೆ ನೋಟ ಸುಮಾರು ಐದೂವರೆ ಪಟ್ಟು ಕಿರಿದಾಗುತ್ತದೆ, ನನ್ನ 50 ಮಿ.ಮೀ. ಲೆನ್ಸ್ 275 ಮಿ.ಮೀ. ಟೆಲಿ ಲೆನ್ಸಿನಂತೆ ನೋಡುತ್ತದೆ. ಅಗಲ ನೋಟ ಬೇಕೆನ್ನುವವರು ಈ ದಾರಿಗೆ ಬರಬೇಡಿ.

ಎಫ್‌ಎಂ2ರ ಹಿಂಬಾಗಿಲನ್ನು ಕೀಲಿನ ಪಿನ್ ಎಳೆದರೆ ಪೂರ್ತಿ ಬಿಚ್ಚಬಹುದು. ಅದನ್ನು ತೆಗೆದಿಟ್ಟು ಅದೇ ಅಳತೆಯ ಇನ್ನೊಂದು ಬಾಗಿಲನ್ನು ತ್ರೀಡಿ ಪ್ರಿಂಟರಿನಲ್ಲಿ ಮಾಡಿದೆ. ಕಪ್ಪು ಪ್ಲಾಸ್ಟಿಕ್ ಬೆಳಕು ಬಿಡುವುದಿಲ್ಲ ಅಂದುಕೊಂಡಿದ್ದೆ. ತೆಳುವಾಗಿದ್ದರೆ ಬಿಸಿಲಿನಲ್ಲಿ ಧಾರಾಳವಾಗಿ ಬಿಡುತ್ತದೆ. ಒಳಗೆ ಅಲ್ಯೂಮಿನಿಯಂ ಟೇಪ್ ಅಂಟಿಸಿ ಮೇಲೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದೆ. ಈ ಕೆಲಸ ಮಾಡುವಾಗ ಶಟರ್ ಬರಿಮೈಯಲ್ಲಿ ಎದುರಿಗಿರುತ್ತದೆ. ಮೊದಲ ಎಫ್‌ಎಂ2ಗಳಲ್ಲಿ ಅದು ಜೇನುಗೂಡಿನ ಅಚ್ಚಿರುವ ತೆಳು ಟೈಟಾನಿಯಂ ರೆಕ್ಕೆ. ಬೆರಳು ತಾಗಿದರೂ ಡೊಂಕಾಗುತ್ತದೆ. ಕಿಟಕಿಗೆ ರಟ್ಟಿನ ಮುಚ್ಚಳ ಮಾಡಿಕೊಳ್ಳದೆ ಸ್ಕ್ರೂಡ್ರೈವರ್ ಹಿಡಿಯಬೇಡಿ.

ನಿಜವಾದ ಕೆಲಸ ಇದ್ದದ್ದು ಸೆನ್ಸರನ್ನು ಫಿಲ್ಮಿನ ಸಮತಲಕ್ಕೆ ತರುವುದರಲ್ಲಿ. ಸೆನ್ಸರಿನ ಮೇಲ್ಮೈ ಗಾಜಿನ ಕೆಳಗಿರುವುದರಿಂದ ವರ್ನಿಯರ್ ಕ್ಯಾಲಿಪರಿನಿಂದ ಅಳೆಯಲಾಗದು, ಫೋಕಸ್ ನೋಡಿಯೇ ತಿಳಿಯಬೇಕು. ಸೆನ್ಸರಿನ ಬೋರ್ಡನ್ನು ಮೂರು ಎಂ2 (2 ಮಿ.ಮೀ. ದಪ್ಪದ) ಸ್ಕ್ರೂಗಳ ಮೇಲೆ, ಅಡಿಯಲ್ಲಿ ಸ್ಪ್ರಿಂಗ್ ಕೊಟ್ಟು ನಿಲ್ಲಿಸಿದೆ. ಎಂ2 ಸ್ಕ್ರೂ ಒಂದು ಸುತ್ತಿಗೆ 0.4 ಮಿ.ಮೀ. ಸರಿಯುತ್ತದೆ, ಕಾಲು ಸುತ್ತಿಗೆ 0.1. ಒಂದು ಮೀಟರ್ ದೂರದಲ್ಲಿ ದಿನಪತ್ರಿಕೆಯನ್ನು ಓರೆಯಾಗಿ ಇಟ್ಟು, ವ್ಯೂಫೈಂಡರಿನಲ್ಲಿ ಒಂದು ಸಾಲಿಗೆ ಫೋಕಸ್ ಮಾಡಿ, ಲೆನ್ಸನ್ನು ಪೂರ್ತಿ ತೆರೆದು ತೆಗೆಯುತ್ತಿದ್ದೆ. 50 ಮಿ.ಮೀ. ಲೆನ್ಸಿನಲ್ಲಿ ಆ 0.1 ಮಿ.ಮೀ. ತಪ್ಪು ಪತ್ರಿಕೆಯ ಹತ್ತಿರ ಮೂರೂವರೆ ಸೆಂಟಿಮೀಟರಾಗಿ ಕಾಣುತ್ತದೆ. ಮೂರೂ ಸ್ಕ್ರೂ ಹೊಂದಿಕೆಯಾಗಿ, ಮೂಲೆಯಿಂದ ಮೂಲೆಗೆ ಅಕ್ಷರ ಚೂಪಾಗಲು ನಾಲ್ಕು ಸಂಜೆ ಹಿಡಿಯಿತು.

ಅಷ್ಟಾದ ಮೇಲೆ ಹೊರಗೆ ಚಿತ್ರ ತೆಗೆದರೆ ಹಸಿರೆಲೆ ಗುಲಾಬಿಯಾಗಿ, ಕಪ್ಪು ಬಟ್ಟೆ ಕೆಂಪಾಗಿ ಬಂತು. ಎಚ್‌ಕ್ಯೂ ಕ್ಯಾಮೆರಾದ ಲೋಹದ ಮನೆಯನ್ನು ಬಿಚ್ಚಿದಾಗ ಅದಕ್ಕೆ ಅಂಟಿದ್ದ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ತಡೆಯುವ ಗಾಜೂ ಹೋಗಿತ್ತು. ಒಂದು ಮಿ.ಮೀ. ದಪ್ಪದ ಹೊಸ ಗಾಜನ್ನು ಸೆನ್ಸರಿನ ಮುಂದೆ ಕೂರಿಸಿದೆ. ಬಣ್ಣ ಸರಿಹೋಯಿತು, ಫೋಕಸ್ ಹೋಯಿತು. ಲೆನ್ಸಿನ ಉಂಗುರವನ್ನು ಅನಂತದ ಗುರುತಿನವರೆಗೆ ತಿರುಗಿಸಿದರೂ ದೂರದ ಟವರ್ ಚೂಪಾಗಿ ಬರಲಿಲ್ಲ. ಪತ್ರಿಕೆಯಲ್ಲಿ ನಾನು ಹಿಡಿದ ಸಾಲು ಮಸುಕು, ಹನ್ನೆರಡು ಸೆಂ.ಮೀ. ಹಿಂದಿನ ಸಾಲು ಸ್ಪಷ್ಟ. ಲೆನ್ಸಿಗೂ ಸೆನ್ಸರಿಗೂ ನಡುವೆ ಗಾಜು ಬಂದರೆ ಅದರ ದಪ್ಪದ ಸುಮಾರು ಮೂರನೇ ಒಂದು ಭಾಗದಷ್ಟು ಫೋಕಸ್ ಹಿಂದೆ ಸರಿಯುತ್ತದೆ. ಮೂರೂ ಸ್ಕ್ರೂಗಳನ್ನು ಮುಕ್ಕಾಲು ಸುತ್ತಿಗಿಂತ ತುಸು ಹೆಚ್ಚು ತಿರುಗಿಸಿ ಸೆನ್ಸರನ್ನು ಹಿಂದಕ್ಕೆ ತಂದೆ. ನೀವು ಮಾಡುವುದಾದರೆ ಗಾಜನ್ನು ಮೊದಲು ಕೂರಿಸಿ, ಆಮೇಲೆ ಸ್ಕ್ರೂ ಮುಟ್ಟಿ. ಇಲ್ಲವೇ ಗಾಜನ್ನು ಲೆನ್ಸಿನ ಮುಂದೆ ಹಾಕಿ, ಅಲ್ಲಿ ಈ ತೊಂದರೆ ಇಲ್ಲ.

ಶಟರ್ ವೇಗ ಕ್ಯಾಮೆರಾದ ಡಯಲ್ಲೇ ನಿರ್ಧರಿಸಬೇಕೆಂಬುದು ನನ್ನ ಆಸೆ. ಅದಕ್ಕಾಗಿ ಸೆನ್ಸರ್ ಕತ್ತಲಲ್ಲಿ ಒಂದೊಂದು ಸೆಕೆಂಡಿನ ಫ್ರೇಮುಗಳನ್ನು ಸತತವಾಗಿ ತೆಗೆಯುತ್ತಲೇ ಇರುತ್ತದೆ. ಶಟರ್ ತೆರೆದಾಗ ಫ್ಲಾಶಿನ ಸಂಪರ್ಕ ಕೂಡಿಕೊಳ್ಳುತ್ತದೆಯಲ್ಲ, ಆ ತಂತಿಯನ್ನು ಪೈಗೆ ಕೊಟ್ಟಿದ್ದೇನೆ. ಬೆಳಕು ಬಿದ್ದದ್ದು ಯಾವ ಫ್ರೇಮಿನಲ್ಲಿ ಎಂದು ಅದರಿಂದ ಗೊತ್ತಾಗುತ್ತದೆ. ಆದರೂ ಒಮ್ಮೊಮ್ಮೆ ಮೇಲರ್ಧ ಕಪ್ಪಾಗಿ ಕೆಳಗರ್ಧ ಮಾತ್ರ ಬರುತ್ತಿತ್ತು. ಸೆನ್ಸರ್ ತನ್ನ ಸಾಲುಗಳನ್ನು ಒಟ್ಟಿಗೆ ಓದುವುದಿಲ್ಲ, ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಓದುತ್ತದೆ. ಹಾಗೆ ಓದುತ್ತಿರುವಾಗಲೇ ಶಟರ್ ತೆರೆದರೆ, ಆಗಲೇ ಓದಿ ಮುಗಿದ ಸಾಲುಗಳ ಬೆಳಕು ಮುಂದಿನ ಫ್ರೇಮಿಗೆ ಹೋಗುತ್ತದೆ. ಮುಂದಿನ ಫ್ರೇಮ್ ತೆರೆದು ನೋಡಿದೆ. ಕಳೆದುಹೋದ ಮೇಲರ್ಧ ಅಲ್ಲೇ ಕೂತಿತ್ತು! ಈಗ ಎರಡೂ ಕಚ್ಚಾ ಫೈಲುಗಳನ್ನು ಉಳಿಸಿ, ಕಪ್ಪು ಮಟ್ಟ (ಬೆಳಕಿಲ್ಲದಾಗಲೂ ಸೆನ್ಸರ್ ಕೊಡುವ ಅಂಕಿ) ಕಳೆದು, ಕೂಡಿಸುತ್ತೇನೆ. ಬೆಸುಗೆ ಕಾಣುವುದಿಲ್ಲ.

ಪೈ ಬೋರ್ಡಿನ ಪುಟ್ಟ ಹಸಿರು ದೀಪವನ್ನು ಆರಿಸಲು ಮರೆಯಬೇಡಿ, ರಿಬ್ಬನ್ ಕೇಬಲಿನ ಸೀಳಿನಿಂದ ಅದೂ ಒಳಗೆ ಇಣುಕುತ್ತದೆ. ಫೋಕಸಿಂಗ್ ಸ್ಕ್ರೀನನ್ನು ಲೆನ್ಸಿನ ಕಡೆಯಿಂದ ಬದಲಿಸಬಹುದಾದ್ದರಿಂದ ಒಂದು ಬಿಡಿ ಸ್ಕ್ರೀನಿನ ಮೇಲೆ 6.3×4.7 ಮಿ.ಮೀ. ಚೌಕ ಬರೆದುಕೊಂಡೆ. ಚೌಕದಾಚೆಗಿನದು ಚಿತ್ರದಲ್ಲಿ ಬಾರದಿದ್ದರೂ ಕಣ್ಣಿಗೆ ಕಾಣುತ್ತದೆ. ಹಕ್ಕಿ ಚೌಕದೊಳಗೆ ಬರುವ ಮುಂಚೆಯೇ ಗೊತ್ತಾಗುತ್ತದೆ.

ಬಾಗಿಲು ಬದಲಿಸಲು ಈಗ ಎರಡು ನಿಮಿಷವೂ ಬೇಡ. ಈ ವಾರ ಸೆನ್ಸರಿನ ಬಾಗಿಲು ಡಬ್ಬಿಯಲ್ಲಿದೆ, ಕ್ಯಾಮೆರಾದಲ್ಲಿ ಕಪ್ಪು ಬಿಳುಪಿನ ರೀಲು ಹದಿನೇಳನೇ ಫ್ರೇಮಿನಲ್ಲಿದೆ.