ಮೊದಲು ಚುಕ್ಕಿ, ಆಮೇಲೆ ಎಳೆ

ನಮ್ಮ ಫ್ಲ್ಯಾಟಿನ ಬಾಗಿಲ ಮುಂದೆ ನನ್ನ ಪಾಲಿಗಿರುವುದು ಎರಡು ಟೈಲ್ಸಿನಷ್ಟು ಜಾಗ. ಅಕ್ಕಪಕ್ಕದವರು ಸ್ಟಿಕ್ಕರ್ ರಂಗೋಲಿ ಅಂಟಿಸಿದ್ದಾರೆ. ಎಷ್ಟು ಒರೆಸಿದರೂ ಹೋಗಲ್ಲ ಅಂತ ಅವರಿಗೆ ಖುಷಿ. ನನಗೆ ಸಂಜೆಯೊಳಗೆ ಅಳಿಸಿಹೋಗುವಂಥದ್ದೇ ಬೇಕು, ಇಲ್ಲದಿದ್ದರೆ ನಾಳೆಯದನ್ನು ಎಲ್ಲಿ ಹಾಕಲಿ?

ನುಣುಪು ಟೈಲ್ಸಿಗೆ ಸಗಣಿ ಸಾರಿಸಿದ ನೆಲದ ಗುಣವಿಲ್ಲ, ಪುಡಿ ಜಾರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಪಸೆ ಆರುವ ಮೊದಲೇ ಕೂತುಬಿಡುತ್ತೇನೆ. ನೀರು ನಿಂತಿದ್ದರೆ ಎಳೆ ಹರಡುತ್ತದೆ. ಪೂರ್ತಿ ಒಣಗಿದ್ದರೆ ಲಿಫ್ಟಿನಿಂದ ಇಳಿದವರ ಸೆರಗಿನ ಗಾಳಿಗೇ ಹಾರುತ್ತದೆ. ಪುಡಿಯೂ ಹಿಟ್ಟಿನ ಹಾಗಿರಬಾರದು, ಬೆರಳ ಸಂದಿಯಲ್ಲೇ ಕಚ್ಚಿಕೊಳ್ಳುತ್ತದೆ. ಕೊಂಚ ತರಿಯಾಗಿರುವುದನ್ನು ಕೇಳಿ ತರುತ್ತೇನೆ. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಬೆರಳು ನೆಲಕ್ಕೆ ತಾಗದಂತೆ ಬಿಡುತ್ತಾ ಹೋದರೆ ಎಳೆ ತಾನಾಗಿ ದುಂಡಗೆ ಬೀಳುತ್ತದೆ.

ಎಲ್ಲರಿಗೂ ಎಳೆ ಎಳೆಯುವುದು ಇಷ್ಟ. ನನಗೆ ಚುಕ್ಕಿ ಇಡುವುದು. ದಿನನಿತ್ಯಕ್ಕೆ 7ರಿಂದ 4, ಸಂದು ಚುಕ್ಕಿ, ಅಂದರೆ ನಡುವಿನ ಸಾಲಿಗೆ 7, ಅದರ ಎರಡೂ ಕಡೆ ಸಂದಿಗೊಂದರಂತೆ ಇಳಿಯುತ್ತಾ 4ರವರೆಗೆ, ಒಟ್ಟು 37. ಕುಕ್ಕರ್ ಕೂಗುವುದರೊಳಗೆ ಮುಗಿಯುತ್ತದೆ. ಧನುರ್ಮಾಸದಲ್ಲಿ 15ರಿಂದ 8. ನಡುವಿನ ಸಾಲಿಗೆ ಟೈಲ್ಸ್ ಸೇರುವ ಗೆರೆಯೇ ನನ್ನ ಸ್ಕೇಲು. ಅದರ ಪಕ್ಕದಲ್ಲೇ ಎರಡೆರಡು ಬೆರಳು ಅಂತರದಲ್ಲಿ 15 ಚುಕ್ಕಿ. ಆಮೇಲೆ ಎರಡು ಚುಕ್ಕಿಯ ಸಂದಿಗೆ ಒಂದರಂತೆ ಮೇಲೆ 14, ಕೆಳಗೆ 14, ಹೀಗೆ ಎರಡೂ ಕಡೆ 8ಕ್ಕೆ ಬಂದು ನಿಲ್ಲಬೇಕು. ಮೇಲಿನದೆಲ್ಲ ಮುಗಿಸಿ ಕೆಳಗೆ ಬರುವುದಕ್ಕಿಂತ ಆಚೆಗೊಂದು ಈಚೆಗೊಂದು ಸಾಲು ಇಡುತ್ತಾ ಹೋದರೆ ಸೊಟ್ಟಗಾದದ್ದು ಬೇಗ ಕಣ್ಣಿಗೆ ಬೀಳುತ್ತದೆ.

ಇದರಲ್ಲಿ ಒಟ್ಟು 169 ಚುಕ್ಕಿ. 13 ಸಾಲಿಗೆ 13ರಂತೆ ನೇರ ಚುಕ್ಕಿ ಇಟ್ಟರೂ ಅಷ್ಟೇ! ಒಂದಕ್ಕೆ ಆರು ಮೂಲೆ, ಇನ್ನೊಂದು ಚೌಕ. ಮಗಳ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಎರಡನ್ನೂ ಬರೆದು, ಎಣಿಸಿ, ಮತ್ತೆ ಎಣಿಸಿದೆ. ಏನು ಉಪಯೋಗ ಅಂದರು ನಮ್ಮೆಜಮಾನ್ರು. ಉಪಯೋಗವೇನೂ ಇಲ್ಲ.

ಸಂದು ಚುಕ್ಕಿಯಲ್ಲಿ ಒಳಗಿನ ಪ್ರತಿ ಚುಕ್ಕಿಗೂ ಸುತ್ತ ಆರು ನೆಂಟರು. ಹಾಗಾಗಿ ಯಾವುದನ್ನು ಹಿಡಿದರೂ ಆರೆಸಳಿನ ಹೂವು ಸಿಗುತ್ತದೆ. ನೇರ ಚುಕ್ಕಿಯಲ್ಲಿ ಈ ಹೂವು ಬರುವುದಿಲ್ಲ, ಅಲ್ಲಿ ನಾಲ್ಕೆಸಳಿನದೇ ಸಲೀಸು. ಎದುರು ಮನೆಯ ಪುಟ್ಟ ಶಾಲೆಗೆ ಹೊರಟವನು ಬ್ಯಾಗು ಇಳಿಸಿ, "ಆಂಟಿ, ಇವತ್ತು ಎಷ್ಟು ಹೂವು?" ಅನ್ನುತ್ತಾನೆ. ನೀನೇ ಎಣಿಸು ಅಂದರೆ ಅವನಮ್ಮ ನನ್ನ ಮೇಲೆ ಕಣ್ಣು ಬಿಡುತ್ತಾರೆ, ವ್ಯಾನು ಕೆಳಗೆ ಹಾರ್ನ್ ಹೊಡೆಯುತ್ತಿರುತ್ತದಲ್ಲ!

ಬಣ್ಣ ತುಂಬುವುದು ನನಗೆ ಸೇರದು, ಕಷ್ಟಪಟ್ಟು ಬಿಟ್ಟ ಎಳೆ ಅದರಡಿ ಮುಚ್ಚಿಹೋಗುತ್ತದೆ. ಕೆಮ್ಮಣ್ಣಿನ ಒಂದು ಅಂಚು ಸಾಕು. ಸಂಕ್ರಾಂತಿ ದಿನ ಮಾತ್ರ ಮಗಳದೇ ರಾಜ್ಯ, ಹಸಿರು, ಗುಲಾಬಿ, ನೇರಳೆ, ಏನು ಬೇಕಾದರೂ ಸುರಿದುಕೊಳ್ಳಲಿ. ಚುಕ್ಕಿ ಮಾತ್ರ ನಾನೇ ಇಡುತ್ತೇನೆ.