ಕಾಲು ಉಳುಕಿದೆ, ಯಾವ ಸ್ಕ್ಯಾನ್ ಮಾಡಿಸೋದು? ಮೊದಲು ಬೆರಳಿಟ್ಟು ನೋಡಿ

ಕಾಲು ಹೊರಳಿ ಬಿದ್ದವರ ಸುತ್ತ ಐದೇ ನಿಮಿಷದಲ್ಲಿ ಎರಡು ಪಕ್ಷ ಹುಟ್ಟಿಕೊಳ್ಳುತ್ತವೆ. ‘ಸುಮ್ನೆ ಉಳುಕಿದೆ ಅಷ್ಟೇ, ಬಟ್ಟೆ ಸುತ್ತಿ ಮಲಗು’ ಅನ್ನುವವರು ಒಂದು ಕಡೆ, ‘ಎಕ್ಸ್‌ರೇಯಲ್ಲಿ ಏನೂ ಕಾಣಲ್ಲ, ನೇರ ಎಂಆರ್‌ಐ ಮಾಡಿಸಿಬಿಡು’ ಅನ್ನುವವರು ಇನ್ನೊಂದು ಕಡೆ. ಬಿದ್ದವರು ಮಧ್ಯದಲ್ಲಿ ಕಾಲು ಚಾಚಿಕೊಂಡು ಇಬ್ಬರ ಮುಖವನ್ನೂ ನೋಡುತ್ತಿರುತ್ತಾರೆ.

ಒಂದು ಪಾದದಲ್ಲಿ 26 ಮೂಳೆ, 33 ಕೀಲು, ಅವನ್ನೆಲ್ಲ ಕಟ್ಟಿ ಹಿಡಿದಿರುವ ನೂರಕ್ಕೂ ಹೆಚ್ಚು ಲಿಗಮೆಂಟುಗಳಿವೆ. ಇದೆಲ್ಲವನ್ನೂ ಒಟ್ಟಿಗೆ ಚೆನ್ನಾಗಿ ತೋರಿಸುವ ಯಂತ್ರ ಇಲ್ಲ. ಹಾಗಾಗಿ ದುಬಾರಿ ಸ್ಕ್ಯಾನ್ ಅಂದರೆ ಒಳ್ಳೆಯ ಸ್ಕ್ಯಾನ್ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಏನು ಹುಡುಕುತ್ತಿದ್ದೀವಿ ಅನ್ನೋದು ಗೊತ್ತಾದರೆ ಯಾವ ಯಂತ್ರ ಅನ್ನೋದು ತಾನಾಗೇ ಗೊತ್ತಾಗುತ್ತದೆ.

ಮೊದಲು: ಚಿತ್ರ ಬೇಕೇ ಬೇಕಾ?

ಪಾದ ಸೊಟ್ಟಗಾಗಿದ್ದರೆ, ಮೂಳೆ ಚರ್ಮ ಹರಿದು ಹೊರಬಂದಿದ್ದರೆ, ಬೆರಳುಗಳು ತಣ್ಣಗಾಗಿ ನೀಲಿಗಟ್ಟಿದ್ದರೆ ಇಲ್ಲಿಗೇ ಓದು ನಿಲ್ಲಿಸಿ, ತುರ್ತು ಚಿಕಿತ್ಸೆಗೆ ಹೊರಡಿ. ಉಳಿದವರಿಗೆ ಒಂದು ಸುಲಭದ ಪರೀಕ್ಷೆ ಇದೆ. ಕೆನಡಾದ ಒಟ್ಟಾವಾದಲ್ಲಿ ತುರ್ತು ವಿಭಾಗದ ವೈದ್ಯರು 1992ರಲ್ಲಿ ರೂಪಿಸಿದ್ದು ಇದು. ಉಳುಕಿದ ಕಾಲಿಗೆಲ್ಲ ಎಕ್ಸ್‌ರೇ ತೆಗೆದು ತೆಗೆದು ಸಾಕಾಗಿತ್ತು ಅವರಿಗೆ, ಯಾಕೆಂದರೆ ಹೆಚ್ಚಿನವರಲ್ಲಿ ಮೂಳೆ ಮುರಿದಿರುತ್ತಲೇ ಇರಲಿಲ್ಲ.

ಪರೀಕ್ಷೆ ಹೀಗೆ. ಪಾದದ ಕೀಲಿನ ಒಳಗಡೆ ಒಂದು, ಹೊರಗಡೆ ಒಂದು ಗಂಟು ಮೂಳೆ ಉಬ್ಬಿಕೊಂಡಿದೆ ಅಲ್ವಾ? ಆ ಗಂಟಿನ ತುದಿಯಿಂದ ಶುರು ಮಾಡಿ, ಮೂಳೆಯ ಹಿಂದಿನ ಅಂಚಿನ ಮೇಲೆ ಬೆರಳಿಟ್ಟು ಮೇಲಕ್ಕೆ 6 ಸೆಂಟಿಮೀಟರ್‌ವರೆಗೆ ಒತ್ತುತ್ತಾ ಹೋಗಿ. ಹಿಂದಿನ ಅಂಚು ಅನ್ನೋದು ಮುಖ್ಯ. ಹೊರಗಂಟಿನ ಮುಂದೆ, ಸ್ವಲ್ಪ ಕೆಳಗೆ, ಮೊಟ್ಟೆಯ ಹಾಗೆ ಊದಿಕೊಂಡಿರುತ್ತದಲ್ಲ, ಅಲ್ಲಿ ಒತ್ತಿದರೆ ಎಲ್ಲರಿಗೂ ನೋಯುತ್ತದೆ, ಅದು ಲಿಗಮೆಂಟಿನ ಜಾಗ. ಆಮೇಲೆ ಪಾದದಲ್ಲಿ ಎರಡು ಕಡೆ ಒತ್ತಿ: ಕಿರುಬೆರಳಿನಿಂದ ಹಿಂದಕ್ಕೆ ಬರುತ್ತಾ ಪಾದದ ಹೊರ ಅಂಚಿನ ನಡುವೆ ಸಿಗುವ ಉಬ್ಬು, ಮತ್ತು ಒಳ ಅಂಚಿನಲ್ಲಿ ಗಂಟಿನ ಮುಂದೆ ಕೆಳಗೆ ಸಿಗುವ ಇನ್ನೊಂದು ಉಬ್ಬು. ಕೊನೆಗೆ ನಾಲ್ಕು ಹೆಜ್ಜೆ ನಡೆಯಿರಿ. ಕುಂಟಿದರೂ ಪರವಾಗಿಲ್ಲ, ಆ ಕಾಲಿನ ಮೇಲೆ ಭಾರ ಹಾಕಿ ನಾಲ್ಕು ಹೆಜ್ಜೆ ಆದರೆ ಸಾಕು.

ಈ ಯಾವ ಜಾಗದಲ್ಲೂ ಮೂಳೆ ಒತ್ತಿದರೆ ನೋವಿಲ್ಲ, ನಡೆಯಲೂ ಆಗುತ್ತಿದೆ ಅಂದರೆ ಮುರಿದಿರುವ ಸಾಧ್ಯತೆ ತೀರಾ ಕಡಿಮೆ, ಅವತ್ತು ಎಕ್ಸ್‌ರೇ ಬೇಡ. ಒಂದು ಜಾಗದಲ್ಲಿ ನೋವಿದ್ದರೂ, ನಾಲ್ಕು ಹೆಜ್ಜೆ ಆಗದಿದ್ದರೂ ಎಕ್ಸ್‌ರೇ ತೆಗೆಸಿ. ತೀರಾ ಚಿಕ್ಕ ಮಕ್ಕಳು, ಕುಡಿದವರು, ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು, ಇವರಿಗೆ ಈ ಪರೀಕ್ಷೆ ನಂಬಬೇಡಿ. ನೋವು ಎಲ್ಲಿದೆ ಅಂತ ಅವರು ಸರಿಯಾಗಿ ಹೇಳಲಾರರು.

ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿ ಚುಚ್ಚಿದಂತಾಗುವವರಿಗೂ ಸಾಮಾನ್ಯವಾಗಿ ಶುರುವಿಗೇ ಚಿತ್ರ ಬೇಕಾಗುವುದಿಲ್ಲ. ಕೇಳಿ, ಒತ್ತಿ ನೋಡಿಯೇ ವೈದ್ಯರಿಗೆ ತಿಳಿಯುತ್ತದೆ. ಎಕ್ಸ್‌ರೇಯಲ್ಲಿ ಹಿಮ್ಮಡಿಗೆ ಮುಳ್ಳು ಬೆಳೆದಿದೆ ಅಂತ ಕಂಡು ಗಾಬರಿಯಾಗುವವರು ತುಂಬಾ ಜನ. ಆ ಮುಳ್ಳು ಒಂದು ದಿನವೂ ಹಿಮ್ಮಡಿ ನೋಯದವರಲ್ಲೂ ಇರುತ್ತದೆ.

ಎಕ್ಸ್‌ರೇ: ನಿಂತು ತೆಗೆಸಿ

ಚಿತ್ರ ಬೇಕು ಅಂತಾದರೆ ಶುರು ಮಾಡಬೇಕಾದ್ದು ಎಕ್ಸ್‌ರೇಯಿಂದಲೇ. ಮುಂದೆ ಎಂಆರ್‌ಐ ಮಾಡಿಸಲೇಬೇಕಾದರೂ ಅದನ್ನು ಓದುವವರು ಎಕ್ಸ್‌ರೇ ಎಲ್ಲಿ ಅಂತ ಕೇಳುತ್ತಾರೆ. ಇಲ್ಲಿ ಎರಡು ವಿಷಯ ನೆನಪಿಟ್ಟುಕೊಳ್ಳಿ. ಪಾದದ ಎಕ್ಸ್‌ರೇ ಬೇರೆ, ಪಾದದ ಕೀಲಿನ ಎಕ್ಸ್‌ರೇ ಬೇರೆ. ಕೀಲಿನದ್ದಕ್ಕೆ ಎದುರಿನಿಂದ, ಪಕ್ಕದಿಂದ, ಮತ್ತೆ ಕಾಲನ್ನು 15ರಿಂದ 20 ಡಿಗ್ರಿ ಒಳಕ್ಕೆ ತಿರುಗಿಸಿ, ಹೀಗೆ ಮೂರು ಚಿತ್ರ ತೆಗೆಯುತ್ತಾರೆ. ನೋವು ಪಾದದ ನಡುವೆ ಇದ್ದು ಕೀಲಿನ ಚಿತ್ರ ಮಾತ್ರ ತೆಗೆದರೆ ‘ನಾರ್ಮಲ್’ ಅಂತಲೇ ಬರಬಹುದು. ಎಲ್ಲಿ ನೋವು ಅಂತ ಬೆರಳಿಟ್ಟು ತೋರಿಸಿ.

ಇನ್ನೊಂದು, ನಿಲ್ಲಲು ಸಾಧ್ಯವಿದ್ದರೆ ನಿಂತೇ ತೆಗೆಸುವುದು. ಇದನ್ನು ನಾನು ಕಷ್ಟಪಟ್ಟು ಕಲಿತೆ. ಮೆಟ್ಟಿಲ ಮೇಲೆ ಲೆಕ್ಕ ತಪ್ಪಿ ಪಾದ ಮಡಚಿ ಬಿದ್ದಿದ್ದೆ. ಮಲಗಿಸಿ ಎಕ್ಸ್‌ರೇ ತೆಗೆದರು, ಏನೂ ಇಲ್ಲ ಅಂದರು, ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು ಎರಡು ವಾರ ಓಡಾಡಿದೆ. ಊತ ಇಳಿಯಿತು, ಆದರೆ ತುದಿಗಾಲಲ್ಲಿ ನಿಲ್ಲೋಕೆ ಆಗುತ್ತಲೇ ಇರಲಿಲ್ಲ. ಎರಡನೇ ವೈದ್ಯರು ಎಕ್ಸ್‌ರೇ ಮುಟ್ಟಲೂ ಇಲ್ಲ, ಕಾಲೆತ್ತಿ ಅಂಗಾಲು ನೋಡಿದರು. ಸರಿಯಾಗಿ ನಡುವೆ, ಹಳದಿಗೆ ತಿರುಗುತ್ತಿದ್ದ, ರಕ್ತ ಕಟ್ಟಿದ ಒಂದು ಕಲೆ. ಎರಡೂ ಪಾದ ಪಕ್ಕಪಕ್ಕ ಇಟ್ಟು, ಪೂರ್ತಿ ಭಾರ ಹಾಕಿ ನಿಂತು ಮತ್ತೆ ಎಕ್ಸ್‌ರೇ ತೆಗೆಸಲು ಹೇಳಿದರು. ಹೆಬ್ಬೆರಳಿನ ಉದ್ದ ಮೂಳೆಗೂ ಪಕ್ಕದ್ದಕ್ಕೂ ನಡುವೆ ಬುಡದಲ್ಲಿ ಸಂದು ಬಿಟ್ಟಿತ್ತು, ಇನ್ನೊಂದು ಪಾದದಲ್ಲಿ ಆ ಸಂದೇ ಇಲ್ಲ. ಮಲಗಿದ್ದಾಗ ಮೂಳೆಗಳು ಸುಮ್ಮನೆ ತಮ್ಮ ಜಾಗದಲ್ಲಿ ಕೂತಿದ್ದವು, ಭಾರ ಬಿದ್ದ ಮೇಲೆ ಬಣ್ಣ ಬಯಲಾಯಿತು. ಇದಕ್ಕೆ ಲಿಸ್‌ಫ್ರಾಂಕ್ ಗಾಯ ಅಂತ ಹೆಸರು, ನೆಪೋಲಿಯನ್ ಕಾಲದ ಒಬ್ಬ ಫ್ರೆಂಚ್ ಸರ್ಜನ್ ಹೆಸರಿದು. ಉಳುಕು ಅಂದುಕೊಂಡು ಕೈಬಿಟ್ಟುಹೋಗುವ ಗಾಯಗಳಲ್ಲಿ ಇದಕ್ಕೆ ಮೊದಲ ಸಾಲಿನಲ್ಲೇ ಜಾಗ. ನನ್ನ ಪಾದದಲ್ಲಿ ಈಗ ಎರಡು ಸ್ಕ್ರೂ ಇವೆ.

ಬಿದ್ದ ದಿನ ನಿಲ್ಲಲು ಆಗದಿದ್ದರೆ ಅವತ್ತು ಮಲಗಿಯೇ ತೆಗೆಸಿ, ಒಂದೆರಡು ವಾರ ಬಿಟ್ಟು ನಿಂತು ಮತ್ತೊಮ್ಮೆ ತೆಗೆಸಿ. ಚಪ್ಪಟೆ ಪಾದ, ಹೆಬ್ಬೆರಳ ಗಂಟು, ಕೀಲು ಸವೆತಕ್ಕೂ ಅಷ್ಟೇ, ಮಲಗಿ ತೆಗೆದ ಚಿತ್ರದಲ್ಲಿ ಅರ್ಧ ಕಥೆ ಮಾತ್ರ ಇರುತ್ತದೆ.

ವಿಕಿರಣದ ಭಯ ಬೇಡ. ಪಾದದ ಒಂದು ಎಕ್ಸ್‌ರೇಯಲ್ಲಿ ಸಿಗುವ ವಿಕಿರಣ, ಸುಮ್ಮನೆ ಭೂಮಿ ಮೇಲೆ ಇದ್ದಿದ್ದಕ್ಕೇ ಕೆಲವು ಗಂಟೆಗಳಲ್ಲಿ ನಮಗೆ ಸಿಗುವಷ್ಟು. ಬಸುರಿಯಾಗಿದ್ದರೆ ಮಾತ್ರ ಮೊದಲೇ ಹೇಳಿ.

ಎಕ್ಸ್‌ರೇ ನಾರ್ಮಲ್, ನೋವು ಮಾತ್ರ ಹಾಗೇ ಇದೆ

ಬೀಳಲಿಲ್ಲ, ಏನೂ ಆಗಲಿಲ್ಲ, ಓಡೋದು ಜಾಸ್ತಿ ಮಾಡಿದ್ದೆ ಅಷ್ಟೇ, ಈಗ ಪಾದದ ಮೇಲೆ ಒಂದೇ ಜಾಗದಲ್ಲಿ ನೋವು. ಹೀಗಿದ್ದರೆ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು, ಅಂದರೆ ಸ್ಟ್ರೆಸ್ ಫ್ರಾಕ್ಚರ್ ಇರಬಹುದು. ಸೈನ್ಯಕ್ಕೆ ಹೊಸದಾಗಿ ಸೇರಿ ದೂರದೂರ ಮಾರ್ಚ್ ಮಾಡುವವರಲ್ಲಿ ಜಾಸ್ತಿ ಕಂಡಿದ್ದಕ್ಕೆ ಇದನ್ನು ಮಾರ್ಚ್ ಫ್ರಾಕ್ಚರ್ ಅಂತಲೂ ಕರೆಯುತ್ತಾರೆ. ಎಕ್ಸ್‌ರೇಯಲ್ಲಿ ಇದು ಮೊದಲ ಎರಡು ಮೂರು ವಾರ ಕಾಣದೇ ಇರಬಹುದು. ಮೂಳೆ ವಾಸಿಯಾಗಲು ಶುರುವಾಗಿ ಸುತ್ತ ಹೊಸ ಮೂಳೆ ಕಟ್ಟಿದಾಗಲೇ ಚಿತ್ರದಲ್ಲಿ ಮಬ್ಬಾಗಿ ಬರುವುದು. ಓಟ ನಿಲ್ಲಿಸಿ, ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ಎಕ್ಸ್‌ರೇ ತೆಗೆಸುವುದು ಒಂದು ದಾರಿ. ನೋವು ಮೊದಲು ಹೇಳಿದ ಪಾದದ ಆ ಎರಡು ಉಬ್ಬುಗಳ ಹತ್ತಿರ ಇದ್ದರೆ ಮಾತ್ರ ಕಾಯಬೇಡಿ, ಅಲ್ಲಿ ರಕ್ತದ ಹರಿವು ಕಡಿಮೆ, ಬಿರುಕು ಕೂಡುವುದು ಕಷ್ಟ. ಆಗ ಎಂಆರ್‌ಐ.

ಎಂಆರ್‌ಐ ಮೂಳೆಯ ಒಳಗಿನ ಊತವನ್ನೂ ತೋರಿಸುತ್ತದೆ, ಅದಕ್ಕೇ ಬಿರುಕು ಮೊದಲ ದಿನಗಳಲ್ಲೇ ಸಿಕ್ಕಿಬೀಳುತ್ತದೆ. ಉಳುಕಿ ಎರಡು ತಿಂಗಳಾದರೂ ಕೀಲಿನ ಆಳದಲ್ಲಿ ನೋಯುತ್ತಿದ್ದರೆ, ನಡೆಯುವಾಗ ಸಿಕ್ಕಿಕೊಂಡ ಹಾಗೆ ಆಗುತ್ತಿದ್ದರೆ, ಕೀಲೊಳಗಿನ ಕಾರ್ಟಿಲೇಜ್, ಅಂದರೆ ಮೂಳೆಯ ತುದಿಗೆ ಹೊದಿಸಿದಂತಿರುವ ನುಣುಪು ಪದರ, ಕಿತ್ತಿದೆಯಾ ಅಂತ ನೋಡಲೂ ಇದೇ ಬೇಕು. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಅಲುಗಾಡದೆ ಮಲಗಬೇಕು, ಸದ್ದು ಜೋರು. ಈ ಯಂತ್ರ ಒಂದು ದೊಡ್ಡ ಅಯಸ್ಕಾಂತ, ಹಾಗಾಗಿ ಪೇಸ್‌ಮೇಕರ್, ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸಿದ ಯಂತ್ರ, ಕಣ್ಣಲ್ಲಿ ಸಿಕ್ಕ ಲೋಹದ ಚೂರು ಇದ್ದರೆ ಒಳಗೆ ಹೋಗುವ ಮೊದಲೇ ಹೇಳಬೇಕು. ನನ್ನ ಸ್ಕ್ರೂಗಳಂಥವು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ, ಆದರೆ ಅವುಗಳ ಸುತ್ತ ಚಿತ್ರ ಕಲಸಿಹೋಗುತ್ತದೆ. ಹಾಗಂತ ಎಲ್ಲದಕ್ಕೂ ಎಂಆರ್‌ಐ ಬೇಡ. ಅದು ನೋವಿಗೆ ಸಂಬಂಧವೇ ಇಲ್ಲದ ಹತ್ತು ಸಂಗತಿ ರಿಪೋರ್ಟಿನಲ್ಲಿ ಬರೆದು ನಿದ್ದೆ ಕೆಡಿಸುತ್ತದೆ.

ಅಲ್ಟ್ರಾಸೌಂಡ್, ಸಿಟಿ

ಹಿಮ್ಮಡಿ ಹಿಂದಿನ ದಪ್ಪ ಅಕಿಲಿಸ್ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಹರಿದಿದೆಯಾ, ಬೆಳಗಿನ ಆ ಹಿಮ್ಮಡಿ ನೋವಿಗೆ ಸಾಮಾನ್ಯವಾಗಿ ಕಾರಣವಾಗುವ ಅಂಗಾಲಿನ ಪೊರೆ 4 ಮಿಲಿಮೀಟರಿಗಿಂತ ದಪ್ಪ ಆಗಿದೆಯಾ ಅಂತೆಲ್ಲ ನೋಡಲು ಅಲ್ಟ್ರಾಸೌಂಡ್ ಸಾಕು. ಇದರಲ್ಲಿ ಕಾಲನ್ನು ಆಡಿಸುತ್ತಲೇ ನೋಡಬಹುದು. ಹೊರಗಂಟಿನ ಹಿಂದೆ ಟೆಂಡನ್ ಜಾರಿ ‘ಟಕ್’ ಅನ್ನುತ್ತಿದ್ದರೆ ಅಲುಗದ ಚಿತ್ರದಲ್ಲಿ ಅದು ಸಿಗದೇ ಹೋಗಬಹುದು, ಇಲ್ಲಿ ಸಿಗುತ್ತದೆ. ಮರದ ಚೂರು, ಮುಳ್ಳು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ, ಅಲ್ಟ್ರಾಸೌಂಡಿನಲ್ಲಿ ಕಾಣುತ್ತವೆ. ಗಾಜಿನ ಚೂರು ಎಕ್ಸ್‌ರೇಯಲ್ಲೂ ಕಾಣುತ್ತದೆ. ಒಂದೇ ತೊಡಕು, ಮಾಡುವವರ ಕೈಚಳಕ. ಕಾಲಿನ ಸ್ಕ್ಯಾನ್ ದಿನಾ ಮಾಡುವವರ ಹತ್ತಿರವೇ ಹೋಗಿ.

ಸಿಟಿ ಸ್ಕ್ಯಾನ್, ಅಂದರೆ ಸುತ್ತಲಿಂದ ಎಕ್ಸ್‌ರೇ ತೆಗೆದು ಹೋಳು ಹೋಳಾಗಿ ತೋರಿಸುವುದು, ಮೂಳೆಗೆ. ಎತ್ತರದಿಂದ ಬಿದ್ದು ಹಿಮ್ಮಡಿ ಮೂಳೆ ಚೂರಾದರೆ ಎಷ್ಟು ಚೂರು, ಯಾವುದು ಎಲ್ಲಿ ಅಂತ ಆಪರೇಷನ್‌ಗೆ ಮೊದಲು ಸರ್ಜನ್‌ಗೆ ಬೇಕಾಗುವುದು ಸಿಟಿಯೇ. (ಹಾಗೆ ಬಿದ್ದವರ ಬೆನ್ನುಮೂಳೆಯನ್ನೂ ನೋಡಿಸಬೇಕು, ಹಿಮ್ಮಡಿ ನೋವಿನಲ್ಲಿ ಅದು ಮರೆತೇ ಹೋಗುತ್ತದೆ.) ನಿಂತುಕೊಂಡೇ ತೆಗೆಸುವ ಸಿಟಿ ಯಂತ್ರಗಳೂ ಬಂದಿವೆ.

ಸಕ್ಕರೆ ಕಾಯಿಲೆ ಇದ್ದವರಿಗೆ ಬೇರೆ ಲೆಕ್ಕ

ಪಾದ ಕೆಂಪಗೆ, ಬಿಸಿಯಾಗಿ ಊದಿದೆ, ಆದರೆ ನೋವೇ ಇಲ್ಲ ಅಥವಾ ಊತಕ್ಕೆ ತಕ್ಕಷ್ಟು ಇಲ್ಲ. ನೋವಿಲ್ಲವಲ್ಲ ಅಂತ ಸಮಾಧಾನ ಪಡಬೇಡಿ. ಮರಗಟ್ಟಿದ ಪಾದದ ಮೂಳೆಗಳು ಒಳಗೊಳಗೇ ಕುಸಿಯುವ ಶಾರ್ಕೋ ಅನ್ನೋ ತೊಂದರೆ ಶುರುವಾಗೋದು ಹೀಗೇ, ಮೊದಲ ಎಕ್ಸ್‌ರೇ ನಾರ್ಮಲ್ ಇರಬಹುದು. ಎಂಆರ್‌ಐಗೆ ದಿನ ಸಿಗುವವರೆಗೆ ಕಾಯುತ್ತಾ ಅದೇ ಕಾಲಲ್ಲಿ ಓಡಾಡಬೇಡಿ, ಭಾರ ತೆಗೆಯುವುದು ಮೊದಲು, ಚಿತ್ರ ಆಮೇಲೆ. ಹುಣ್ಣು ಇದ್ದರೆ ಸೋಂಕು ಮೂಳೆಗೆ ಇಳಿದಿದೆಯಾ ಅಂತ ತಿಳಿಯಲೂ ಎಕ್ಸ್‌ರೇ ಆದ ಮೇಲೆ ಎಂಆರ್‌ಐಯನ್ನೇ ಹೇಳುತ್ತಾರೆ.

ಹೋಗುವ ದಿನ

ಹಳೆಯ ಫಿಲ್ಮು, ಸಿಡಿ ಎಲ್ಲ ತೆಗೆದುಕೊಂಡು ಹೋಗಿ, ಬರೀ ರಿಪೋರ್ಟ್ ಸಾಲದು. ಕೆಲವರ ಪಾದದಲ್ಲಿ ಹುಟ್ಟಿನಿಂದಲೇ ಒಂದೆರಡು ಪುಟ್ಟ ಮೂಳೆ ಹೆಚ್ಚಿಗೆ ಇರುತ್ತವೆ, ಹಳೆಯ ಚಿತ್ರದಲ್ಲೂ ಅದು ಇದ್ದರೆ ಮುರಿದ ಚೂರಲ್ಲ ಅಂತ ಅಲ್ಲೇ ತೀರ್ಮಾನ ಆಗಿಬಿಡುತ್ತದೆ. ಜಾಸ್ತಿ ನೋಯುವ ಜಾಗಕ್ಕೆ ಮನೆಯಲ್ಲೇ ಪೆನ್ನಿನಿಂದ ಒಂದು ಚುಕ್ಕೆ ಇಟ್ಟುಕೊಳ್ಳಿ. ಎಂಆರ್‌ಐ ಮಾಡುವವರು ಎಷ್ಟೋ ಸಲ ಆ ಜಾಗದ ಮೇಲೆ ಎಣ್ಣೆ ತುಂಬಿದ ಒಂದು ಕ್ಯಾಪ್ಸೂಲ್ ಅಂಟಿಸುತ್ತಾರೆ. ಚಿತ್ರದಲ್ಲಿ ಅದು ಬೆಳ್ಳಗೆ ಹೊಳೆಯುತ್ತದೆ, ಓದುವ ವೈದ್ಯರು ಮೊದಲು ಅದರ ಕೆಳಗೇ ಹುಡುಕುತ್ತಾರೆ.